ಎಣ್ಣೆ ಮುಚ್ಚಳದ ಬಿಳಿ ಗೆರೆ

ಕುರ್ಚಿ ಖಾಲಿಯಿದ್ದರೂ ಜಿಜಾಬಾಯಿ ನೆಲದ ಮೇಲೆ ಕೂತಳು. ಚಿಂತಾಕಿಯಿಂದ ಔರಾದ, ಔರಾದದಿಂದ ಬೀದರ, ಎರಡು ಬಸ್ಸಿನಲ್ಲೂ ನಿಂತೇ ಬಂದವಳು. ಸೆರಗಿನ ತುದಿಯನ್ನು ಹಿಂಡಿ ಹಿಂಡಿ ಹಗ್ಗ ಮಾಡಿದ್ದಳು.

"ಈ ಮನ್ಯಾಗ ನೆಲಕ್ಕ ಕೂಡೋ ಮಂದಿ ಇಲ್ರಿ," ಎಂದಳು ವಿಶಾಖಾ. "ಮ್ಯಾಲ ಕೂಡ್ರಿ. ಚಾ ಕುಡೀರಿ. ಆಮ್ಯಾಲ ಮಾತು."

ಬೀದರ ಜಿಲ್ಲೆಯಲ್ಲಿ ಯಾವ ಗಾಡಿ ಕೆಟ್ಟರೂ, ಸುಟ್ಟರೂ, ಮೋರಿಗೆ ಬಿದ್ದರೂ ಯಾಕೆ ಹಾಗಾಯಿತೆಂದು ವಿಮಾ ಕಂಪನಿಗಳಿಗೆ ಹೇಳುವವಳು ಸರ್ವೇಯರ್ ವಿಶಾಖಾ. ಪೊಲೀಸರು ಕೈಚೆಲ್ಲಿದ ಎಷ್ಟೋ ಗಂಟುಗಳನ್ನು ಅವಳು ಬಿಡಿಸಿದ್ದುಂಟು. ಮೈಲೂರಿನ ಅವಳ ಮನೆಯ ಈ ಪಡಸಾಲೆಯೇ ಆಫೀಸು; ರವಿವಾರ ಅದೇ ಪಡಸಾಲೆ ಓದುಬಳಗ. ಗೋಡೆಯ ಮೇಲಿನ ಬಾಬಾಸಾಹೇಬರ ಪಟದ ಕೆಳಗೆ ನಿಂತು ಅವಳ ಸಹಾಯಕ ಏಕನಾಥ ಕಡತಗಳನ್ನು ಜೋಡಿಸುತ್ತಿದ್ದ. ಜೋಡಿಸಿದ್ದನ್ನೇ ಮತ್ತೆ ಜೋಡಿಸುತ್ತಿದ್ದ.

"ನನ್ನ ಮಗ ಕಪಿಲ," ಎಂದಳು ಜಿಜಾಬಾಯಿ. "ಭಾಲ್ಕ್ಯಾಗ ಉಸ್ಮಾನ ಮಿಯಾನ ಗ್ಯಾರೇಜಿನ್ಯಾಗ ಕೆಲಸ ಮಾಡ್ತಾನ್ರಿ. ಶಿವರಾಜಪ್ಪ ಸಾವಕಾರ್ರ ಹಳೀ ಅಂಬಾಸಿಡರ್ ಇಂಜಿನ್ ಪೂರಾ ಬಿಚ್ಚಿ ಹೊಸದಾಗಿ ಕಟ್ಟಿದ. ಮರುದಿನ ಸಾವಕಾರ್ರ ಮಗ ಗಾಡಿ ತಗೊಂಡು ಬೀದರಿಗಿ ಹೊಂಟಿದ್ದ. ಹಲಬರ್ಗಾದ ಹತ್ರ ಇಂಜಿನ್ ಜಾಮಾಗಿ ಗಾಲಿ ಬಿಗದು ಗಾಡಿ ಮೋರಿಗಿ ಬಡೀತು. ಆ ಹುಡುಗನ ಕಾಲ ಮುರದದ. ಯಾರೋ ಸರ್ವೇ ಸಾಹೇಬ ಬರದಾನಂತ, ಕಪಿಲನೇ ಕೆಲಸ ಕೆಡಿಸ್ಯಾನ ಅಂತ. ಪೊಲೀಸರು ಒಯ್ದಾರ್ರಿ." ಅವಳು ಮೂಗು ಒರೆಸಿಕೊಂಡಳು. "ನನ್ನ ಮಗ ಹಂಗ ಮಾಡಂಗಿಲ್ರಿ ಬಾಯಿ. ಹಾಲು ಕಾಸಾಕ ಇಟ್ರೂ ಉಕ್ಕೂತನಕ ಒಲಿ ಬಿಟ್ಟು ಏಳೂ ಜಾತಿ ಅಲ್ಲ ಅವ."

"ಆ ಸರ್ವೇ ಸಾಹೇಬ ಯಾರಂತ ಗೊತ್ತದ ಏನ್ರಿ?"

"ಇಲ್ರಿ. ಯಾರೋ ದೊಡ್ಡ ಮಂದ್ಯಾಗಿನವ ಇರಬೇಕು. ನಮ್ಮವ ಇದ್ದಿದ್ರ ಹಂಗ ಬರೀತಿದ್ದ ಏನು?"

ಏಕನಾಥನ ಕೈಯಿಂದ ಕಡತ ಜಾರಿತು. ವಿಶಾಖಾ ಅವನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿರುತ್ತಿತ್ತು. ಕೊನೆಗೆ ಚಹಾ ತಂದುಕೊಟ್ಟವನೂ ಅವನೇ. "ಜೈ ಭೀಮ, ತಮ್ಮಾ. ನಿನಗ ಪುಣ್ಯ ಬರ್ಲಿ," ಎಂದು ಆ ತಾಯಿ ಬಟ್ಟಲು ತೆಗೆದುಕೊಂಡಳು. ಅವನ ಹೆಸರನ್ನು ಕೇಳಲಿಲ್ಲ. ಅವನು ಹೇಳಲೂ ಇಲ್ಲ.

ಭಾಲ್ಕಿಯ ದಾರಿಯಲ್ಲಿ ವಿಶಾಖಾ ತಾನೇ ಕಾರು ಓಡಿಸುತ್ತಿದ್ದಳು. ಅಪಘಾತದ ದಿನ ಅವಳು ಕಲಬುರಗಿಯಲ್ಲಿದ್ದಳು. ಗಾಡಿ ನೋಡಿ ವರದಿ ಬರೆದವನು ಏಕನಾಥ.

"ಎಣ್ಣಿ ಹ್ಯಾಂಗಿತ್ತು?"

"ಹಾಲು ಹಾಕಿದ ಚಾ ಇದ್ಹಂಗ ಇತ್ತಕ್ಕಾ. ನೀರು ಬೆರೆತಿತ್ತು. ಇಂಜಿನ್ ತಲೀ ಬುಡಕ ನೀರು ತಡಿಯೋ ಹೆಡ್ ಗ್ಯಾಸ್ಕೆಟ್ ಸರಿ ಕೂಡಿಸಲಿಲ್ಲಂದ್ರ ರೇಡಿಯೇಟರಿನ ನೀರು ಎಣ್ಣಿಗಿ ಇಳೀತದ. ಅದನ್ನೇ ಬರದೆ. ಟೈಮಿಂಗ್ ಮ್ಯಾಲೂ ಅನುಮಾನ ಅಂತ ಬರದೆ."

"ರೇಡಿಯೇಟರ್ ಮುಚ್ಚಳ ತೆಗದು ನೋಡಿದ್ಯಾ?"

ಏಕನಾಥ ಕಿಟಕಿಯಾಚೆಯ ತೊಗರಿ ಹೊಲಗಳನ್ನು ನೋಡಿದ. ಅವತ್ತು ಗಾಡಿಯ ಸುತ್ತ ಊರೇ ನೆರೆದಿತ್ತು. ಶಿವರಾಜಪ್ಪ ಅವನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ, ಹೇಳಿದ್ದರು: "ಏಕನಾಥ್ರೇ, ಹುಡುಗ ನಿಮ್ಮ ಪೈಕಿ ಅಂತ. ನಿಮ್ಮ ಸಂಕಟ ನನಗ ತಿಳೀತದ್ರಿ. ಹ್ಯಾಂಗ ಬರಿತೀರೋ ಬರೀರಿ." ನೂರು ಕಣ್ಣು ತನ್ನ ಪೆನ್ನಿನ ಮೇಲೆ ಬಿದ್ದಂತಾಗಿತ್ತು. ಮುಚ್ಚಳ ತೆರೆಯುವ ಮೊದಲೇ ಅವನು ಬರೆದುಬಿಟ್ಟಿದ್ದ. ಗಟ್ಟಿಯಾಗಿ ಬರೆದಿದ್ದ.

ಅದನ್ನೆಲ್ಲ ಹೇಳಿದ. ವಿಶಾಖಾ ಗೇರು ಬದಲಿಸಿದಳು.

"ನಮ್ಮವ ಅಂತ ಬಿಡೂದೂ ತಪ್ಪ, ಏಕನಾಥ. ನಮ್ಮವ ಅಂತ ನಾಕೇಟು ಹೆಚ್ಚಿಗಿ ಹೊಡಿಯೂದೂ ತಪ್ಪ. ಎರಡರಾಗೂ ನೀ ಗಾಡಿ ನೋಡಂಗಿಲ್ಲ, ಮಂದೀನ ನೋಡ್ತಿ."

ಅಂಬಾಸಿಡರ್ ಉಸ್ಮಾನ ಮಿಯಾನ ಗ್ಯಾರೇಜಿನ ಅಂಗಳದಲ್ಲಿ, ಮುಂಭಾಗ ಚಪ್ಪಟೆಯಾಗಿ ನಿಂತಿತ್ತು. ಬಿಳಿ ಗಡ್ಡದ ಮಿಯಾ ಕೈಯೊರೆಸಿಕೊಳ್ಳುತ್ತ ಬಂದ. ಏಕನಾಥನನ್ನು ಕಂಡವನೇ ಬೇರೆ ಕಡೆ ತಿರುಗಿದ. ಅವನ ತಂಗಿಯ ಮಗ ಮುಬಶ್ಶೀರ, ಅವನೂ ಮೆಕ್ಯಾನಿಕನೇ, ಟೈರುಗಳ ಮೇಲೆ ಕೂತು ಹಲ್ಲುಕಡ್ಡಿ ಕಚ್ಚುತ್ತಿದ್ದ.

"ಇಂಜಿನ್ ಕಟ್ಟಿದ ಮ್ಯಾಲ ಕಪಿಲ ಏನೇನ್ ತಪಾಸ ಮಾಡಿದ, ಹೇಳ್ರಿ ಚಾಚಾ," ಎಂದಳು ವಿಶಾಖಾ.

"ಎರಡು ತಪಾಸ, ಬೇಟಿ. ಒಂದು ಟೈಮಿಂಗ್. ಕಿಡಿ ಹಾರೋ ಹೊತ್ತು ಒಂದು ಕೂದಲೆಳಿ ಹೆಚ್ಚು ಕಡಿಮಿ ಆಗಬಾರದು. ಗುರುತಿಗಿ ಗುರುತು ಕೂಡಿಸಿ ದೀಪ ಹಿಡಿದು ನೋಡಿದ. ಇನ್ನೊಂದು ಎಣ್ಣಿ. ತಲೀ ಮ್ಯಾಲಿನ ತಗಡಿನ ಕವರ್ ತೆಗದು, ಪ್ಲಗ್ ಬಿಚ್ಚಿ, ಇಂಜಿನ್ ಬರೇ ತಿರುಗಿಸ್ತೇವಿ. ಕೆಳಗಿನ ಎಣ್ಣಿ ಮ್ಯಾಲೇರಿ ವಾಲ್ವ್ ಒತ್ತೋ ಒಂದೊಂದು ರಾಕರ್ ಕಡ್ಡಿ ಬುಡದಾಗೂ ಒರತಿ ಹಂಗ ಉಕ್ಕಬೇಕು. ಉಕ್ಕೂತನಕ ಕವರ್ ಮುಚ್ಚಂಗಿಲ್ಲ. ಇದು ನಮ್ಮ ಅಬ್ಬಾನ ಕಾಲದ ಕಾನೂನು. ಸಾವಕಾರ್ರ ಮಗ ಓಂಪ್ರಕಾಶನೂ ಬಾಜೂಕ ನಿಂತು ನೋಡ್ಯಾನ. ಎಣ್ಣಿ ಬಂಗಾರದಂಗ ಏರಿತ್ತು."

"ಆಮ್ಯಾಲ?"

"ಆಮ್ಯಾಲ ಬಿಳಿ ಗೆರಿ. ಕೆಲಸ ಮುಗದ ಮ್ಯಾಲ ನಾನೇ ಕುಂಚದಾಗ ಗೆರಿ ಎಳೀತೇನಿ. ಒಂದು ಟೈಮಿಂಗ್ ಕೂಡಿಸೋ ಡಿಸ್ಟ್ರಿಬ್ಯೂಟರಿನ ಬುಡಕ್ಕ, ಒಂದು ಎಣ್ಣಿ ಹಾಕೋ ಬಾಯಿ ಮುಚ್ಚಳಕ್ಕ. ಮುಚ್ಚಳದಿಂದ ಕವರಿನ ತನಕ ಒಂದೇ ಗೆರಿ. ಯಾರರ ತಿರುವಿದ್ರ ಗೆರಿ ಮುರೀತದ. ಹೊರಗಿನವರಿಗಿ ಅದು ಗೊತ್ತಾಗಂಗಿಲ್ಲ, ಬಣ್ಣ ಸಿಡದದ ಅಂತಾರ."

ವಿಶಾಖಾ ಕನ್ನಡಕ ಏರಿಸಿ ಬಾನೆಟ್ಟಿನೊಳಗೆ ಬಗ್ಗಿದಳು. ಮೊದಲು ಡಿಸ್ಟ್ರಿಬ್ಯೂಟರ್. ಗೆರೆ ಕೂಡಿಕೊಂಡೇ ಇತ್ತು. ಆಮೇಲೆ ಎಣ್ಣೆಯ ಮುಚ್ಚಳ. ಮುಚ್ಚಳದ ಗೆರೆ ಒಂದು ಕಡೆ, ಕವರಿನ ಗೆರೆ ಇನ್ನೊಂದು ಕಡೆ. ಆಮೇಲೆ ರೇಡಿಯೇಟರಿನ ಮುಚ್ಚಳ ತೆಗೆದು ಏಕನಾಥನನ್ನು ಕರೆದಳು.

"ನೋಡು."

ಸೊಟ್ಟಗಾದರೂ ರೇಡಿಯೇಟರ್ ಒಡೆದಿರಲಿಲ್ಲ. ಒಳಗೆ ಕೂಲಂಟಿನ ಹಸಿರು ನೀರು ಕಂಠದವರೆಗೆ ತುಂಬಿತ್ತು. ಎಣ್ಣೆಯ ಒಂದು ಹನಿ ಜಿಡ್ಡೂ ತೇಲುತ್ತಿರಲಿಲ್ಲ. ಇಂಜಿನ್ ನೀರು ಕುಡಿದದ್ದು ನಿಜ, ಆದರೆ ಈ ನೀರನ್ನಲ್ಲ. ಒಂದು ಮುಚ್ಚಳ ತಿರುವಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಒಂದೇ ಒಂದು ಮುಚ್ಚಳ.

ವಿಶಾಖಾ ಎಣ್ಣೆಯ ಬಾಯಿಗೆ ಬೆರಳದ್ದಿ ಮೂಸಿದಳು. ಅವನ ಮೂಗಿನ ಹತ್ತಿರವೂ ಹಿಡಿದಳು. ಕೆನೆಗಟ್ಟಿದ ಎಣ್ಣೆ. ಅದರಡಿಯಲ್ಲಿ ಕೊಟ್ಟಿಗೆಯ ಘಾಟು.

ಗಾಡಿಯ ಸುತ್ತ ಒಂದು ಸುತ್ತು ಬಂದಳು. ಸ್ಟೀರಿಂಗಿನ ಮೇಲೆ, ಗೇರಿನ ಗುಂಡಿನ ಮೇಲೆ, ಬಾಗಿಲ ಹಿಡಿಕೆಯ ಮೇಲೆ, ಬಾನೆಟ್ಟಿನ ಕೆಳಗೆ ಇಂಜಿನ್ ಕವರಿನ ಮೇಲೆ ಮೂರು ಬೆರಳಿನ ವಿಭೂತಿ ಎಳೆದಿತ್ತು. ಎಲ್ಲ ಕಡೆಯೂ ನಡುವಿನ ಗೆರೆ ಅರ್ಧಕ್ಕೇ ನಿಂತಿತ್ತು. ಗಾಲಿಗಳ ಮೇಲೆ, ದೀಪಗಳ ಮೇಲೆ ಏನೂ ಇರಲಿಲ್ಲ. ಅವಳು ಒಂದೊಂದನ್ನೂ ಮೊಬೈಲಿನಲ್ಲಿ ಹಿಡಿದುಕೊಂಡಳು.

"ಪೂಜಿ ಮಾಡ್ಯಾರಕ್ಕಾ, ಅವತ್ತೂ ನೋಡಿದ್ದೆ," ಎಂದ ಏಕನಾಥ.

"ನೋಡಿದ್ದಿ," ಎಂದಳು ಅವಳು, ಅಷ್ಟೇ.

"ಗಾಡಿ ಸಾವಕಾರ್ರ ಮನಿಗಿ ಯಾರು ಬಿಟ್ರು?" ಎಂದು ಮಿಯಾನ ಕಡೆ ತಿರುಗಿ ಕೇಳಿದಳು.

"ನಾನು," ಎಂದ ಮುಬಶ್ಶೀರ, ಕೂತಲ್ಲಿಂದಲೇ. "ಸಂಜಿಗಿ ಬಿಟ್ಟು, ಚಾವಿ ಸಾವಕಾರ್ರ ಕೈಯಾಗ ಕೊಟ್ಟು ಬಂದೆ. ಈಗ ನನ್ನ ಮ್ಯಾಲ ಹಾಕ್ರಿ. ಮಾಮಾಗ ಕಪಿಲನೇ ಮಗ, ಗ್ಯಾರೇಜೂ ಅವನಿಗೇ. ನಾ ಬರೇ ಪಾನಾ ಎತ್ತಿಕೊಡೋ ಗಿರಾಕಿ. ನನಗ ಹೊಟ್ಟಿಕಿಚ್ಚು ಇಲ್ಲಂತ ನಾ ಯಾಕ ಸುಳ್ಳ ಹೇಳ್ಲಿ?"

"ಚುಪ್ ಬೈಠ್!" ಎಂದ ಮಿಯಾ.

ಹೊರಬಂದ ಕೂಡಲೇ ಏಕನಾಥ ಉಸಿರು ಬಿಟ್ಟ. "ಇವನೇ ಅಕ್ಕಾ. ಹೊಟ್ಟಿಕಿಚ್ಚು ಅದ, ಗಾಡಿ ಕೈಯಾಗ ಇತ್ತು." ಹೇಳಿ ಮುಗಿಸಿದ ಮೇಲೆ ಅವನಿಗೇ ನಾಚಿಕೆಯಾಯಿತು. ಒಬ್ಬನ ತಲೆ ಮೇಲೆ ತಾನೇ ಹೊರಿಸಿದ ಕಲ್ಲನ್ನು ಇಳಿಸುವ ಅವಸರದಲ್ಲಿ ಇನ್ನೊಂದು ತಲೆ ಹುಡುಕುತ್ತಿದ್ದ.

ಶಿವರಾಜಪ್ಪನವರ ಮನೆ ಭಾಲ್ಕಿಯ ಹಳೆ ಪೇಟೆಯಲ್ಲಿತ್ತು. ಅಂಗಳದಲ್ಲಿ ಒಂದು ಹಸು, ಗೋಡೆಯ ಮೇಲೆ ಬಸವಣ್ಣನವರ ದೊಡ್ಡ ಪಟ. "ಶರಣು, ಬರ್ರಿ ಬರ್ರಿ," ಎಂದು ಶಿವರಾಜಪ್ಪ ಎರಡೂ ಕೈ ಮುಗಿದರು. ಹೆಸರುವಾಸಿ ವ್ಯಾಪಾರಿ, ಊರಿನ ಪ್ರತಿ ಬಸವ ಜಯಂತಿಗೂ ಸಮಾನತೆಯ ಮೇಲೆ ಭಾಷಣ ಅವರದೇ. ಹಣೆಯ ಮೇಲೆ ಒದ್ದೆ ವಿಭೂತಿ ಆಗತಾನೆ ಒಣಗುತ್ತಿತ್ತು. ಅದರ ನಡುವಿನ ಎಳೆ ಅರ್ಧಕ್ಕೆ ನಿಂತಿತ್ತು. ಹಿಂದೊಮ್ಮೆ ಕಬ್ಬಿನ ಗಾಣಕ್ಕೆ ಕೈ ಸಿಕ್ಕು ಬಲಗೈಯ ನಡುಬೆರಳಿನ ತುದಿ ಹೋಗಿತ್ತಂತೆ.

ಮೊದಲೇ ಬಂದು ಕೂತಿದ್ದ ಬ್ಯಾಂಕಿನವರೊಬ್ಬರು ಪಿಂಗಾಣಿ ಬಟ್ಟಲಿನಲ್ಲಿ ಚಹಾ ಕುಡಿಯುತ್ತಿದ್ದರು. "ಇವರಿಗಿ ಹೊಸಾ ಕಪ್ಪಿನ್ಯಾಗ ಕೊಡ್ರಿ," ಎಂದರು ಶಿವರಾಜಪ್ಪ ಒಳಗೆ ಕೂಗಿ. ವಿಶಾಖಾಗೂ ಏಕನಾಥನಿಗೂ ಚಹಾ ಬಂತು. ಕಾಗದದ ಲೋಟಗಳಲ್ಲಿ.

ಸಾವುಕಾರರ ತಾಯಿ ಗುರಮ್ಮ ಬಾಗಿಲಲ್ಲಿ ಕೂತಿದ್ದಳು. ಸಂಧಿವಾತಕ್ಕೆ ಬೆರಳುಗಳೆಲ್ಲ ಶುಂಠಿಯಂತೆ ತಿರುಚಿಕೊಂಡಿದ್ದವು. ನೀರಿನ ಲೋಟವನ್ನೂ ಎರಡು ಅಂಗೈ ಕೂಡಿಸಿ ಹಿಡಿಯುತ್ತಿದ್ದಳು. ಒಳಗೆ ಮಂಚದ ಮೇಲೆ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಓಂಪ್ರಕಾಶ ಮಲಗಿದ್ದ.

"ಕಪಿಲ ನನ್ನ ದೋಸ್ತ್ ಇದ್ದಾನ್ರಿ," ಎಂದ ಅವನು. "ಎಣ್ಣಿ ಏರೂದು ನನಗೇ ತೋರಸ್ಯಾನ. ಅವ ತಪ್ಪ ಮಾಡ್ಯಾನಂದ್ರ ನನಗ ನಂಬಿಕಿ ಬರವಲ್ದು."

"ನೀ ಮಾತಾಡಬ್ಯಾಡ, ತ್ರಾಸ ಆಗ್ತದ," ಎಂದರು ತಂದೆ. "ನೋಡ್ರಿ ತಾಯಿ, ನಾವು ಶರಣರ ಮಾತು ಕೇಳಿ ಬೆಳದವರು. ನಮ್ಮಲ್ಲಿ ಮ್ಯಾಲ ಕೆಳಗ ಇಲ್ಲ. ಬೇಕಂತಲೇ ಆ ಹುಡುಗನ ಕೈಯಾಗ ಗಾಡಿ ಕೊಟ್ಟೆ. ಹಿಂಗಾಯ್ತು. ಆದ್ರೂ ನನಗ ಸಿಟ್ಟಿಲ್ರಿ."

"ಗಾಡಿ ನಿಮಗ ಹೊಡೀಲಿಕ್ಕೆ ಬರ್ತದೇನ್ರಿ?"

"ಎಲ್ಲಿದು! ಹಿಂದಿನ ಸೀಟಿನ್ಯಾಗ ಕೂಡೂದೊಂದೇ ನನಗ ಗೊತ್ತು," ಎಂದು ನಕ್ಕರು.

ವಿಶಾಖಾ ಕಾಗದದ ಲೋಟವನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಳು. "ನಾಳಿ ಎಲ್ಲಾರೂ ಗ್ಯಾರೇಜಿಗಿ ಬರಬೇಕ್ರಿ. ಅವ್ವಾರೂ ಬರ್ಲಿ."

ಮರುದಿನ ಗ್ಯಾರೇಜಿನಲ್ಲಿ ಎಲ್ಲರೂ ನೆರೆದರು. ಓಂಪ್ರಕಾಶನನ್ನು ಕುರ್ಚಿಯಲ್ಲೇ ಎತ್ತಿ ತಂದಿದ್ದರು. ಗುರಮ್ಮ ಮಗನ ಪಕ್ಕದಲ್ಲಿ ಕೂತಳು. ಹವಾಲ್ದಾರನೊಬ್ಬ ಕಪಿಲನನ್ನು ಕರೆತಂದ. ಎತ್ತರದ, ಸಣಕಲ ಹುಡುಗ, ಮುಖ ಬಾತಿತ್ತು. ಜಿಜಾಬಾಯಿ ಎದ್ದವಳು ಅವನ ಕೆನ್ನೆ ಮುಟ್ಟಿ ಮತ್ತೆ ಕೂತಳು. ಏಕನಾಥ ಗೋಡೆಗೆ ಅಂಟಿ ನಿಂತಿದ್ದ. ಕಪಿಲ ಅವನನ್ನು ಗುರುತಿಸಿದ.

"ಮೊದಲ ಮಾತು," ಎಂದಳು ವಿಶಾಖಾ. "ಇಂಜಿನ್ ಯಾಕ ಸತ್ತಿತು? ಎಣ್ಣಿಗಿ ನೀರು ಬೆರೆತು. ಆ ನೀರು ರೇಡಿಯೇಟರಿಂದ ಬಂದದ್ದಾದ್ರ ರೇಡಿಯೇಟರ್ ಇಳೀಬೇಕಿತ್ತು, ನೀರಿನ ಮ್ಯಾಲ ಎಣ್ಣಿ ಜಿಡ್ಡು ತೇಲಬೇಕಿತ್ತು. ಅದು ಕಂಠಮಟ ತುಂಬೇ ಅದ. ಅಂದ್ರ ಕಪಿಲನ ಗ್ಯಾಸ್ಕೆಟ್ ಸರೀನೇ ಅದ. ಟೈಮಿಂಗ್ ಗೆರಿ ಕೂಡೇ ಅದ, ಅದೂ ಸರಿ. ಮುರದದ್ದು ಎಣ್ಣಿ ಮುಚ್ಚಳದ ಗೆರಿ. ಗ್ಯಾರೇಜ್ ಬಿಟ್ಟ ಮ್ಯಾಲ ಯಾರೋ ಆ ಮುಚ್ಚಳ ತೆಗದು ಮ್ಯಾಲಿಂದ ಸುರದಾರ. ನೀರು ಎಣ್ಣಿಗಿಂತ ಭಾರ. ರಾತ್ರಿ ತಳಕ್ಕಿಳದು ಕೂತಿತ್ತು. ಮುಂಜಾನಿ ಪಂಪು ಮೊದಲು ಕುಡದದ್ದು ಅದನ್ನೇ. ಹೊಸಾ ಬೇರಿಂಗು, ಇನ್ನೂ ಬಿಗಿ. ಹಲಬರ್ಗಾ ತನಕ ಬಂದದ್ದೇ ಹೆಚ್ಚು."

ಎಲ್ಲರ ಕಣ್ಣು ಮುಬಶ್ಶೀರನ ಕಡೆ ತಿರುಗಿದವು. ಅವನು ಹಲ್ಲುಕಡ್ಡಿ ಉಗಿದ.

"ಇವನಲ್ಲ," ಎಂದಳು ವಿಶಾಖಾ. "ಗೆರಿ ಗುಟ್ಟು ಗೊತ್ತಿದ್ದವ ಗೆರಿ ಕೂಡಿಸಿ ಮುಚ್ಚತಿದ್ದ. ಇಂಜಿನ್ ಕೊಲ್ಲೋ ಮನಸಿದ್ದ ಮೆಕ್ಯಾನಿಕ್ ಎಣ್ಣಿ ಸೋರೋ ಹಂಗ ಕೆಳಗಿನ ನಟ್ಟು ಸಡಲ ಬಿಡ್ತಿದ್ದ. ಸುರದವಂಗ ಇಂಜಿನ್ ಕೆಡಿಸೋ ಮನಸೇ ಇರಲಿಲ್ಲ. ಗಾಡಿ ಅಂದ್ರೇನಂತ ಗೊತ್ತೂ ಇರಲಿಲ್ಲ. ಯಾಕಂದ್ರ ಸುರದದ್ದು ಬರೇ ನೀರಲ್ಲ. ಅದು ಗೋಮೂತ್ರ."

ಹವಾಲ್ದಾರ ನಗಲು ಹೋಗಿ ನುಂಗಿಕೊಂಡ.

"ಹೊಸಾ ಗಾಡಿಗಿ ಪೂಜಿ ಮಾಡಿದ್ರ ವಿಭೂತಿ ಎಲ್ಲಿ ಹಚ್ತಾರ? ಬಾನೆಟ್ಟಿಗಿ, ದೀಪಕ್ಕ, ಗಾಲಿಗಿ. ಈ ಗಾಡಿಗಿ ಎಲ್ಲಿ ಹಚ್ಯಾರ? ಸ್ಟೀರಿಂಗಿಗಿ, ಗೇರಿಗಿ, ಬಾಗಿಲ ಹಿಡಿಕಿಗಿ, ಇಂಜಿನ್ ಕವರಿಗಿ. ಕಪಿಲನ ಕೈ ಎಲ್ಲೆಲ್ಲಿ ಬಿದ್ದದ, ಅಲ್ಲಲ್ಲಿ. ಇದು ಪೂಜಿ ಅಲ್ಲ. ಇದು ತೊಳಿಯೂದು. ನಮ್ಮ ಕೈ ಮುಟ್ಟಿದ ಮೈಲಿಗಿ ತೊಳಿಯೂದು."

ಏಕನಾಥ ಕಣ್ಣು ಮುಚ್ಚಿದ. ಆ ಗೆರೆಗಳನ್ನು ಅವನು ನೋಡಿದ್ದ. ಹುಟ್ಟಿದಾಗಿನಿಂದ ನೋಡುತ್ತ ಬಂದಿದ್ದನ್ನೇ ನೋಡಿ, ಪೂಜೆ ಎಂದುಕೊಂಡಿದ್ದ.

"ನಾನೇ ಮಾಡೀನಿ," ಎಂದಳು ಗುರಮ್ಮ ತಟ್ಟನೆ. "ಮುದುಕಿ ನಾನು, ಹಳೀ ಕಾಲದಾಕಿ. ನನ್ನನ್ನ ಒಯ್ರಿ."

"ಆಯ್ತವ್ವಾ." ವಿಶಾಖಾ ತಾನು ತಂದಿದ್ದ ಒದ್ದೆ ವಿಭೂತಿಯ ಬಟ್ಟಲನ್ನು ಅವಳ ಮುಂದೆ ಹಿಡಿದಳು. "ಈ ತಗಡಿನ ಮ್ಯಾಲ ಮೂರು ಗೆರಿ ಎಳೀರಿ."

ಮುದುಕಿ ಕೈಯೆತ್ತಿದಳು. ತಿರುಚಿದ ಬೆರಳುಗಳು ಒಂದರ ಪಕ್ಕ ಒಂದು ಕೂಡಲೇ ಇಲ್ಲ. ತಗಡಿನ ಮೇಲೆ ಬೂದಿಯ ಒಂದು ಮುದ್ದೆ ಉಳಿಯಿತು. ವಿಶಾಖಾ ಮೊಬೈಲು ತೆಗೆದು ಸ್ಟೀರಿಂಗಿನ ಚಿತ್ರ ತೋರಿಸಿದಳು: ಮೂರು ನೇರ ಎಳೆ, ನಡುವಿನದು ಅರ್ಧಕ್ಕೆ ನಿಂತದ್ದು. ಆಮೇಲೆ ಯಾರನ್ನೂ ಏನನ್ನೂ ಕೇಳಬೇಕಾಗಲಿಲ್ಲ. ಎಲ್ಲರೂ ಶಿವರಾಜಪ್ಪನವರ ಹಣೆಯನ್ನು ನೋಡುತ್ತಿದ್ದರು. ಅವರು ತಮ್ಮ ನಡುಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡರು.

"ತಾಯಿ ಮ್ಯಾಲೂ ಹೊರಸ್ತೀರೇನ್ರಿ?" ಎಂದಳು ವಿಶಾಖಾ.

ಅವರ ದನಿ ಬಾವಿಯೊಳಗಿಂದ ಬಂದಂತೆ ಬಂತು. "ಮುಂದಿನ ವಾರ ಮಠದ ಸ್ವಾಮಿಗಳು ಆ ಗಾಡ್ಯಾಗ ಬರೋರಿದ್ರು. ಯಾರ ಕೈಯಾಗಿನ ಗಾಡಿ ಅಂತ ಮಂದಿ ಕೇಳಿದ್ರ... ಒಂದು ತಂಬಗಿ ಹಾಕ್ದೆ. ಆ ಬಾಯಿಂದ ಒಳಗೆಲ್ಲಾ ಹೋಗ್ತದ ಅಂತ ತಿಳದಿದ್ದೆ. ಇಂಜಿನ್ ಕೆಡ್ತದ ಅಂತ ಗೊತ್ತಿರಲಿಲ್ಲ, ಬಸವಣ್ಣನಾಣಿ ಗೊತ್ತಿರಲಿಲ್ಲ."

"ಅಂವನ ಆಣಿ ಹಾಕಬ್ಯಾಡ್ರಿ," ಎಂದಳು ವಿಶಾಖಾ. "ಕೆಡ್ತದ ಅಂತ ಗೊತ್ತಿರಲಿಲ್ಲ, ಒಪ್ಪಿದೆ. ಎಣ್ಣಿ ಹಾಲಿನಂಗ ಬಂದಾಗ ಗೊತ್ತಾಯ್ತಲ್ಲ? ಆಗ ನೀವು ಏನ್ ಮಾಡಿದ್ರಿ? ಏಕನಾಥನ ಹೆಗಲ ಮ್ಯಾಲ ಕೈ ಇಟ್ರಿ."

ಏಕನಾಥನ ಹೆಗಲು ಉರಿಯಿತು. ಉಕ್ಕಿಗೆ ಜಾತಿಯಿರಲಿಲ್ಲ, ಎಣ್ಣೆಗೆ ಮಡಿಯಿರಲಿಲ್ಲ. ಮಡಿ ಒಳಗೆ ಹೋದ ದಿನ ಇಂಜಿನ್ ಸತ್ತಿತ್ತು. ಆದರೆ ಒಬ್ಬ ಹುಡುಗನನ್ನು ಠಾಣೆಗೆ ತಳ್ಳಲು ಆ ತಂಬಿಗೆ ಸಾಕಾಗಿರಲಿಲ್ಲ. ಅದಕ್ಕೆ ಏಕನಾಥನ ಪೆನ್ನು ಬೇಕಾಗಿತ್ತು.

"ಅಪ್ಪಾ," ಎಂದ ಓಂಪ್ರಕಾಶ. "ನಾ ಆ ಗಾಡ್ಯಾಗ ಇದ್ದೆ." ಅಷ್ಟೇ ಹೇಳಿ ಮುಖ ತಿರುಗಿಸಿದ.

ಶಿವರಾಜಪ್ಪ ಎದ್ದು ಕಪಿಲನ ಮುಂದೆ ನಿಂತರು. ಕೈ ಮುಗಿಯಬೇಕೋ ಬೇಡವೋ ತಿಳಿಯದೆ ಕೈಗಳು ನಡುವಿನಲ್ಲೇ ನಿಂತವು. "ಗಾಡಿ ಮತ್ತ ನೀನೇ ಕಟ್ಟು, ತಮ್ಮಾ. ಊರ ಮುಂದ ನಿನ್ನ ಕೈಯಾಗೇ ಕೊಡ್ತೇನಿ."

ಕಪಿಲ ಮೊದಲ ಸಲ ಬಾಯಿ ತೆರೆದ. "ಆ ಗಾಡಿ ನಾ ಮುಟ್ಟಂಗಿಲ್ರಿ."

"ಈ ಗ್ಯಾರೇಜಿನ್ಯಾಗ ಯಾರೂ ಮುಟ್ಟಂಗಿಲ್ಲ," ಎಂದ ಮುಬಶ್ಶೀರ ಟೈರಿನಿಂದ ಇಳಿದು. ಉಸ್ಮಾನ ಮಿಯಾ ಅವನನ್ನು ಹೊಸದಾಗಿ ನೋಡಿದ.

ಹವಾಲ್ದಾರ ಕಪಿಲನನ್ನು ಅಲ್ಲೇ ಬಿಟ್ಟು, ಶಿವರಾಜಪ್ಪನವರನ್ನು ಹೇಳಿಕೆ ಬರೆಸಲು ಕರೆದೊಯ್ದ. ಏಕನಾಥ ಹೊಸ ವರದಿಗೆ ಸಹಿ ಹಾಕಿ ವಿಶಾಖಾಗೆ ಕೊಟ್ಟ. ಹಗುರಾಗಲಿಲ್ಲ. ಜಿಜಾಬಾಯಿ ಅವನ ಮುಂದೆ ಬಂದು ನಿಂತಳು.

"ನನಗ ಚಾ ಕೊಟ್ಟಾವ ನೀನೇ ಅಲ್ಲ, ತಮ್ಮಾ?"

"ಹೌದ್ರಿ. ಆ ವರದಿ ಬರದಾವನೂ ನಾನೇ, ಅವ್ವಾ."

ಅವಳ ಬಾಯಿ ತೆರೆದುಕೊಂಡಿತು. ಬೈಗುಳವೊಂದು ಬರಲೆಂದು ಅವನು ಕಾದ. ಅವಳು ಅವನ ಮುಖವನ್ನು ನೋಡಿ, ಹೋಗಿ ಕುರ್ಚಿಯ ಮೇಲೆ ಕೂತಳು.

ಒಳಗಡೆ ಕಪಿಲ ಆಗಲೇ ಅಂಗಿ ಬದಲಿಸಿ ಕೆಲಸಕ್ಕೆ ಇಳಿದಿದ್ದ. ಭಾತಂಬ್ರಾದ ಯಾರದೋ ಜೀಪು ಅರ್ಧಕ್ಕೇ ನಿಂತಿತ್ತು. ಇಂಜಿನ್ನಿನ ಕವರ್ ತೆಗೆದಿಟ್ಟಿತ್ತು. ಏಕನಾಥ ಹತ್ತಿರ ಹೋದ. ಕಪಿಲ ತಲೆಯೆತ್ತದೆ ಕೇಳಿದ:

"ರೇಡಿಯೇಟರ್ ಮುಚ್ಚಳ ಯಾಕ ತೆರೀಲಿಲ್ರಿ, ಸರ್?"

ಉತ್ತರ ಏಕನಾಥನ ಬಳಿ ಇತ್ತು. "ಅಂಜಿದ್ದೆ. ನಮ್ಮವನ್ನ ಉಳಿಸಿದ ಅಂತಾರಂತ ಅಂಜಿದ್ದೆ."

ಕಪಿಲ ಪಾನಾದಿಂದ ಇನ್ನೊಂದು ನಟ್ಟು ಬಿಗಿದ. ಆಮೇಲೆ ಬದಿಯಲ್ಲಿ ನೇತುಬಿದ್ದಿದ್ದ ದೀಪವನ್ನು ಕಿತ್ತು ಏಕನಾಥನ ಕೈಗಿಟ್ಟ.

"ಹಿಡೀರಿ. ಈ ಸಲ ನೋಡ್ರಿ."

ಮುಬಶ್ಶೀರ ಚಾವಿ ತಿರುವಿದ. ಇಂಜಿನ್ ಗುರ್ರೆಂದು ಬರಿದೇ ಸುತ್ತಿತು. ಮೊದಲ ರಾಕರಿನ ಬುಡದಲ್ಲಿ ಎಣ್ಣೆ ಜಿನುಗಿತು, ಎರಡನೆಯದರಲ್ಲಿ ಉಕ್ಕಿತು, ಒಂದಾದ ಮೇಲೊಂದು ತೋಯ್ದವು. ಕೊನೆಯದು ಮಾತ್ರ ಒಣಗಿಯೇ ಇತ್ತು. ಏಕನಾಥ ದೀಪವನ್ನು ಅದರ ಹತ್ತಿರಕ್ಕೆ ವಾಲಿಸಿದ.

"ಇದರಾಗ ಬರವಲ್ದಲ್ಲ," ಎಂದ.

"ದೀಪ ನೆಟ್ಟಗ ಹಿಡೀರಿ," ಎಂದ ಕಪಿಲ. "ಬರೂತನಕ ನಾವು ಮುಚ್ಚಂಗಿಲ್ಲ."